ಕೆಂಪು 'ಎಲ್' ಅಕ್ಷರದ ಹಿಂದಿರುವ ಒಪ್ಪಂದ

ಯಾವುದಾದರೂ ಭಾನುವಾರ ಬೆಳಗ್ಗೆ ಆರೂವರೆಗೆ ಲಗ್ಗೆರೆಯಿಂದ ಪೀಣ್ಯ ಕೈಗಾರಿಕಾ ಪ್ರದೇಶದ ಕಡೆಗೆ ಹೋಗಿ ನೋಡಿ. ವಾರವಿಡೀ ಲಾರಿ, ಟೆಂಪೊ, ಕಾರ್ಖಾನೆ ಬಸ್ಸುಗಳಿಂದ ತುಂಬಿರುವ ಅಡ್ಡರಸ್ತೆಗಳು ಆ ಹೊತ್ತಿನಲ್ಲಿ ಖಾಲಿಯಾಗಿರುತ್ತವೆ. ಷಟರ್ ಎಳೆದ ವರ್ಕ್‌ಶಾಪುಗಳ ಮುಂದೆ ಒಬ್ಬ ಹುಡುಗಿ ಎರಡೂ ಕಾಲುಗಳನ್ನು ನೆಲಕ್ಕೆ ತಾಗಿಸುತ್ತಲೇ ಸ್ಕೂಟರ್ ಓಡಿಸುತ್ತಿರುತ್ತಾಳೆ. ಹಿಂದೆ ಅವಳ ಅಪ್ಪ "ಬ್ರೇಕ್ ಹಿಡಿಯಮ್ಮಾ, ಬ್ರೇಕ್!" ಎಂದು ಕೂಗುತ್ತ ಓಡುತ್ತಿರುತ್ತಾರೆ. ಸ್ವಲ್ಪ ದೂರದಲ್ಲಿ ಡ್ರೈವಿಂಗ್ ಸ್ಕೂಲಿನ ಕಾರೊಂದು ತಿರುವಿನಲ್ಲಿ ಆಫ್ ಆಗಿ ನಿಂತಿರುತ್ತದೆ. ಅದರ ಮುಂದೆಯೂ ಹಿಂದೆಯೂ ಬಿಳಿ ಹಲಗೆಯ ಮೇಲೆ ಕೆಂಪು ಬಣ್ಣದ 'ಎಲ್' ಅಕ್ಷರ.

ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆ ಜಾಗ ನೋಡಲು ಅಲ್ಲಿಗೆ ಹೋಗಿದ್ದಾಗ ನಮ್ಮ ಕ್ಯಾಮೆರಾಮನ್ ಒಂದು ಪ್ರಶ್ನೆ ಕೇಳಿದರು. "ಸಾರ್, ನನಗೆ ಗಾಡಿ ಓಡಿಸೋಕೆ ಬರಲ್ಲ ಅಂತ ಬೋರ್ಡು ಹಾಕ್ಕೊಂಡು ರೋಡಿಗೆ ಬರೋಕೆ ಸರ್ಕಾರಾನೇ ಪರ್ಮಿಷನ್ ಕೊಡುತ್ತಲ್ಲ, ವಿಚಿತ್ರ ಅಲ್ವಾ?"

ನಗು ಬರುವ ಪ್ರಶ್ನೆಯೇ. ಆದರೆ ಸ್ವಲ್ಪ ಯೋಚಿಸಿ. ಈಜು ಬಾರದವನನ್ನು ಯಾರೂ ಆಳವಾದ ಬಾವಿಗೆ ಇಳಿಸುವುದಿಲ್ಲ. ಶಸ್ತ್ರಚಿಕಿತ್ಸೆ ಬಾರದವನ ಕೈಗೆ ಯಾರೂ ಚಾಕು ಕೊಡುವುದಿಲ್ಲ. ಹಾಗಿದ್ದ ಮೇಲೆ ಗಾಡಿ ಓಡಿಸಲು ಬಾರದವರನ್ನು ನೂರಾರು ಜನ ಓಡಾಡುವ ರಸ್ತೆಗೆ ಬಿಡಲು ಸಮಾಜ ಒಪ್ಪಿದ್ದು ಯಾವಾಗ? ಯಾವ ಷರತ್ತುಗಳ ಮೇಲೆ? ನಾವು ಬೆಂಗಳೂರಿನಲ್ಲಿ 'ಎಲ್.ಎಲ್.ಆರ್.' ಎಂದು ಕರೆಯುವ ಕಲಿಕಾ ಪರವಾನಗಿಯ ಇತಿಹಾಸ ಈ ಪ್ರಶ್ನೆಗೆ ಉತ್ತರ. ಅದಕ್ಕಾಗಿ ಮೊದಲು ಮೋಟಾರು ವಾಹನ ಹುಟ್ಟಿದ ನಾಡುಗಳಿಗೆ ಹೋಗಿ ಬರೋಣ.

ಪರೀಕ್ಷೆಯಿಲ್ಲದ ಪರವಾನಗಿ

1888ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಬರ್ಥಾ ಬೆಂಜ್ ಎಂಬ ಮಹಿಳೆ ತನ್ನ ಪತಿ ಕಾರ್ಲ್ ಬೆಂಜ್ ನಿರ್ಮಿಸಿದ ಮೂರು ಚಕ್ರದ ಮೋಟಾರು ಗಾಡಿಯನ್ನು, ಪತಿಗೂ ತಿಳಿಸದೆ, ಇಬ್ಬರು ಮಕ್ಕಳೊಡನೆ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ವರೆಗೆ ಸುಮಾರು 100 ಕಿ.ಮೀ. ಓಡಿಸಿಕೊಂಡು ಹೋದರು. ಆಕೆಗೆ ಕಲಿಸಲು ಯಾವ ಶಾಲೆಯೂ ಇರಲಿಲ್ಲ, ಪರೀಕ್ಷಿಸಲು ಯಾವ ಇನ್‌ಸ್ಪೆಕ್ಟರೂ ಇರಲಿಲ್ಲ. ಅದೇ ತಿಂಗಳಲ್ಲಿ ಕಾರ್ಲ್ ಬೆಂಜ್ ಅವರಿಗೆ ಸ್ಥಳೀಯ ಆಡಳಿತದಿಂದ ಗಾಡಿಯನ್ನು ರಸ್ತೆಗಿಳಿಸಲು ಲಿಖಿತ ಅನುಮತಿ ಸಿಕ್ಕಿತು. ಪರವಾನಗಿಯ ಇತಿಹಾಸವನ್ನು ಹಲವರು ಈ ಕಾಗದದಿಂದಲೇ ಆರಂಭಿಸುತ್ತಾರೆ. ಆದರೆ ಅದು ಚಾಲಕನ ಕೌಶಲಕ್ಕೆ ಕೊಟ್ಟ ಪ್ರಮಾಣಪತ್ರವಾಗಿರಲಿಲ್ಲ.

1893ರಲ್ಲಿ ಪ್ಯಾರಿಸ್ ನಗರದ ಪೊಲೀಸ್ ಆಡಳಿತ ಮೋಟಾರು ಓಡಿಸುವವರಿಗೆ ಪ್ರಮಾಣಪತ್ರ ಬೇಕೆಂದು ಆಜ್ಞೆ ಹೊರಡಿಸಿತು. 1903ರಲ್ಲಿ ಪ್ರಷ್ಯಾ ಕಡ್ಡಾಯ ಪರೀಕ್ಷೆಯನ್ನು ತಂದಿತು. ನಮ್ಮ ಕಾನೂನುಗಳ ಮೇಲೆ ಹೆಚ್ಚು ಪ್ರಭಾವ ಬೀರಿದ ಬ್ರಿಟನ್ ಮಾತ್ರ ಬೇರೆ ದಾರಿ ಹಿಡಿಯಿತು. ಅಲ್ಲಿ 1903ರ ಕಾನೂನಿನ ಪ್ರಕಾರ 1904ರ ಜನವರಿ 1ರಿಂದ ಪರವಾನಗಿ ಕಡ್ಡಾಯವಾಯಿತು. ಐದು ಶಿಲಿಂಗ್ ಕಟ್ಟಿದರೆ ಅದು ಕೈಗೆ ಬರುತ್ತಿತ್ತು. ಯಾವ ಪರೀಕ್ಷೆಯೂ ಇರಲಿಲ್ಲ. ಪರವಾನಗಿಯ ಉದ್ದೇಶ ಓಡಿಸುವವನು ಯಾರೆಂದು ಗುರುತಿಸುವುದಾಗಿತ್ತೇ ಹೊರತು, ಅವನಿಗೆ ಓಡಿಸಲು ಬರುತ್ತದೆಯೇ ಎಂದು ತಿಳಿಯುವುದಲ್ಲ.

ಇದರ ಬೆಲೆಯನ್ನು ರಸ್ತೆಯಲ್ಲಿ ನಡೆಯುವವರು ತೆತ್ತರು. 1934ರ ಒಂದೇ ವರ್ಷದಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 7,343 ಜನ ಸತ್ತರು. ಇಂದಿಗೆ ಹೋಲಿಸಿದರೆ ಆಗ ಇದ್ದ ವಾಹನಗಳು ತೀರ ಕಡಿಮೆ. ಕೊನೆಗೆ 1935ರ ಜೂನ್ 1ರಿಂದ ಚಾಲನಾ ಪರೀಕ್ಷೆ ಕಡ್ಡಾಯವಾಯಿತು. ಅದೇ ವರ್ಷ ಕೆಂಪು 'ಎಲ್' ಫಲಕವೂ ಬಂದಿತು.

ಈ ಎರಡೂ ಒಟ್ಟಿಗೆ ಬಂದದ್ದು ಆಕಸ್ಮಿಕವಲ್ಲ. ಪರೀಕ್ಷೆ ಬಂದ ಕೂಡಲೇ ಒಂದು ಹೊಸ ತೊಡಕು ಹುಟ್ಟಿಕೊಂಡಿತು. ಪರೀಕ್ಷೆಯಲ್ಲಿ ಪಾಸಾಗದೆ ರಸ್ತೆಗೆ ಇಳಿಯುವಂತಿಲ್ಲ, ರಸ್ತೆಗೆ ಇಳಿಯದೆ ಪರೀಕ್ಷೆಗೆ ಬೇಕಾದಷ್ಟು ಕಲಿಯುವಂತಿಲ್ಲ. ಖಾಲಿ ಮೈದಾನದಲ್ಲಿ ಸ್ಟಿಯರಿಂಗ್ ತಿರುಗಿಸುವುದನ್ನು ಕಲಿಯಬಹುದು. ಆದರೆ ಎದುರಿನಿಂದ ಬರುವ ಬಸ್ಸು, ಇದ್ದಕ್ಕಿದ್ದಂತೆ ಅಡ್ಡ ಬರುವ ಸೈಕಲ್ಲು, ಚೆಂಡಿನ ಹಿಂದೆ ಓಡಿಬರುವ ಮಗು, ಇವನ್ನೆಲ್ಲ ರಸ್ತೆ ಮಾತ್ರ ಕಲಿಸುತ್ತದೆ. ಆದ್ದರಿಂದ ಚಾಲಕನೂ ಅಲ್ಲದ, ಪಾದಚಾರಿಯೂ ಅಲ್ಲದ ಮೂರನೆಯ ಒಬ್ಬನಿಗೆ ಕಾನೂನು ಜಾಗ ಮಾಡಿಕೊಡಬೇಕಾಯಿತು. ಅವನೇ ಕಲಿಯುವವನು.

ವಿನಾಯಿತಿಯಿಂದ ಹಕ್ಕಿನವರೆಗೆ

ಈಗ ನಮ್ಮ ನಾಡಿಗೆ ಬರೋಣ. ಬ್ರಿಟಿಷ್ ಭಾರತದ ಮೊದಲ ಮೋಟಾರು ವಾಹನ ಕಾನೂನು 1914ರದು. ಆಗ ಬೆಂಗಳೂರು ಆಡಳಿತದ ದೃಷ್ಟಿಯಿಂದ ಒಂದೇ ಊರಾಗಿರಲಿಲ್ಲ. ಪೇಟೆ ಮೈಸೂರು ಸಂಸ್ಥಾನದ್ದು, ದಂಡುಪ್ರದೇಶ ಬ್ರಿಟಿಷ್ ರೆಸಿಡೆಂಟರದು. ದಂಡುಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿದ್ದು 1947ರಲ್ಲಿ. ಲಗ್ಗೆರೆ ಆಗ ಪೇಟೆಯಿಂದಲೂ ದೂರವಿದ್ದ ಒಂದು ಹಳ್ಳಿ. ಅಂದಿನ ದಿನಗಳಲ್ಲಿ ನಮ್ಮಲ್ಲಿ ಡ್ರೈವಿಂಗ್ ಕಲಿಯುವ ದಾರಿ ಬೇರೆಯೇ ಇತ್ತು. ಹುಡುಗನೊಬ್ಬ ಲಾರಿಗೋ ಬಸ್ಸಿಗೋ ಕ್ಲೀನರ್ ಆಗಿ ಸೇರುತ್ತಿದ್ದ. ಗಾಡಿ ತೊಳೆದು, ರೇಡಿಯೇಟರಿಗೆ ನೀರು ಹಾಕಿ, ಟೈರು ಬಿಚ್ಚಿ, ವರ್ಷಗಟ್ಟಲೆ ಡ್ರೈವರ್ ಪಕ್ಕದಲ್ಲಿ ಕುಳಿತು ನೋಡುತ್ತಿದ್ದ. ಗುರುವಿನ ಮನಸ್ಸು ಕರಗಿದ ದಿನ ಸ್ಟಿಯರಿಂಗ್ ಕೈಗೆ ಬರುತ್ತಿತ್ತು.

1939ರಲ್ಲಿ ಹೊಸ ಕಾನೂನು ಬಂದಿತು. ಗಣರಾಜ್ಯವಾದ ಮೇಲೆ ಮೈಸೂರಿಗೂ ಅದು ಅನ್ವಯಿಸಿತು. ಅದರ 3ನೆಯ ಕಲಮಿನಲ್ಲಿ, ಪರವಾನಗಿ ಇಲ್ಲದೆ ಯಾರೂ ಸಾರ್ವಜನಿಕ ಸ್ಥಳದಲ್ಲಿ ವಾಹನ ಓಡಿಸಬಾರದು ಎಂಬ ಮುಖ್ಯ ನಿಯಮವಿತ್ತು. ಅದರ ಕೆಳಗೆ, ಚಾಲನೆಯ ಶಿಕ್ಷಣ ಪಡೆಯುತ್ತಿರುವವರಿಗೆ ಈ ನಿಯಮ ಯಾವ ಷರತ್ತಿನ ಮೇಲೆ ಅನ್ವಯಿಸುವುದಿಲ್ಲ ಎಂಬುದನ್ನು ರಾಜ್ಯ ಸರ್ಕಾರಗಳೇ ನಿಗದಿಪಡಿಸಬಹುದು ಎಂದಿತ್ತು. ಅಂದರೆ ಮೂಲ ಕಾನೂನಿನ ಕಣ್ಣಿನಲ್ಲಿ ಕಲಿಯುವವನು ಒಂದು ವಿನಾಯಿತಿ ಮಾತ್ರ.

1988ರ ಮೋಟಾರು ವಾಹನ ಕಾನೂನು 1989ರ ಜುಲೈ 1ರಿಂದ ಜಾರಿಗೆ ಬಂದಿತು. ಇದು ಕಲಿಕಾ ಪರವಾನಗಿಗೆ ತನ್ನದೇ ವ್ಯಾಖ್ಯೆಯನ್ನೂ 8ನೆಯ ಕಲಮನ್ನೂ ಕೊಟ್ಟಿತು. ಆರು ತಿಂಗಳ ಆಯುಷ್ಯ ನಿಗದಿಯಾಯಿತು. ದೇಶದ ಎಲ್ಲೆಡೆ ಇದಕ್ಕೆ ಮಾನ್ಯತೆ ದೊರೆಯಿತು. 2004ರಲ್ಲಿ ಸುಪ್ರೀಂ ಕೋರ್ಟು ವಿಮೆಗೆ ಸಂಬಂಧಿಸಿದ ಸ್ವರಣ್ ಸಿಂಗ್ ಮೊಕದ್ದಮೆಯಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಕಲಿಕಾ ಪರವಾನಗಿ ಇರುವವನೂ ಪರವಾನಗಿ ಇರುವವನೇ, ಅವನು ಕಲಿಯುತ್ತಿದ್ದ ಎಂಬ ಕಾರಣಕ್ಕೆ ವಿಮಾ ಕಂಪನಿ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ ಎಂದಿತು. 1939ರಲ್ಲಿ ವಿನಾಯಿತಿಯಾಗಿದ್ದವನು 2004ರ ಹೊತ್ತಿಗೆ ಹಕ್ಕುಳ್ಳವನಾದ.

ಮೂರು ಷರತ್ತುಗಳು

ಆದರೆ ಈ ಹಕ್ಕು ಪುಕ್ಕಟೆಯಲ್ಲ. ಸಮಾಜ ಕಲಿಯುವವನೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಮೂರು ಷರತ್ತುಗಳಿವೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳನ್ನು ತೆರೆದರೆ ಅವು ಸ್ಪಷ್ಟವಾಗಿ ಕಾಣುತ್ತವೆ.

ಮೊದಲನೆಯದು, ಪಕ್ಕದಲ್ಲಿ ಒಬ್ಬರಿರಬೇಕು. ಅವರಿಗೆ ಚಾಲ್ತಿಯಲ್ಲಿರುವ ಪರವಾನಗಿ ಇರಬೇಕು. ಬೇಕಾದಾಗ ವಾಹನವನ್ನು ಹತೋಟಿಗೆ ತರಲು ಅಥವಾ ನಿಲ್ಲಿಸಲು ಆಗುವಂಥ ಜಾಗದಲ್ಲಿ ಅವರು ಕುಳಿತಿರಬೇಕು.

ಎರಡನೆಯದು, ಕೆಂಪು 'ಎಲ್'. ಫಲಕ 18 ಸೆಂ.ಮೀ. ಚೌಕಕ್ಕಿಂತ ಚಿಕ್ಕದಿರಬಾರದು. ಅಕ್ಷರದ ಎತ್ತರ ಕನಿಷ್ಠ 10 ಸೆಂ.ಮೀ. ಇರಬೇಕು. ಇದು ಅವಮಾನದ ಗುರುತಲ್ಲ. "ನನ್ನಿಂದ ತಪ್ಪಾಗಬಹುದು, ದಯವಿಟ್ಟು ಸ್ವಲ್ಪ ದೂರವಿರಿ" ಎಂದು ಉಳಿದವರಿಗೆ ಮಾಡುವ ವಿನಂತಿ.

ಮೂರನೆಯದು, ಕಾಲದ ಮಿತಿ. ಕಲಿಕಾ ಪರವಾನಗಿ ಪಡೆದು ಕನಿಷ್ಠ 30 ದಿನ ಆಗದೆ ಪೂರ್ಣ ಪರವಾನಗಿಯ ಪರೀಕ್ಷೆಗೆ ಹೋಗುವಂತಿಲ್ಲ. ಆರು ತಿಂಗಳ ಮೇಲೆ ಅದೇ ಕಾಗದದಲ್ಲಿ ಮುಂದುವರಿಯುವಂತೆಯೂ ಇಲ್ಲ. ಮತ್ತೆ ಅರ್ಜಿ ಹಾಕಿ, ಶುಲ್ಕ ಕಟ್ಟಬೇಕು.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಒಂದು ಲೆಕ್ಕ ಮಾಡಿ ನೋಡಬಹುದು. ಗಂಟೆಗೆ 40 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಅಪಾಯ ಕಂಡು ಕೈ ಬ್ರೇಕಿನ ಮೇಲೆ ಹೋಗಲು ಒಂದು ಸೆಕೆಂಡು ಹಿಡಿದರೆ, ಅಷ್ಟರಲ್ಲೇ ಗಾಡಿ 11 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕ್ ಹಿಡಿದ ಮೇಲೆ ವೇಗ ಸೆಕೆಂಡಿಗೆ 6 ಮೀಟರಿನಂತೆ ಇಳಿಯುತ್ತದೆ ಎಂದಿಟ್ಟುಕೊಂಡರೆ ನಿಲ್ಲಲು ಇನ್ನೂ 10 ಮೀಟರ್ ಬೇಕು. ಒಟ್ಟು 21 ಮೀಟರ್. ಹೊಸಬನಿಗೆ ಯಾವ ಕೈಯಲ್ಲಿ ಯಾವ ಬ್ರೇಕು ಎಂದು ನೆನಪಿಸಿಕೊಳ್ಳಲು ಇನ್ನೊಂದು ಸೆಕೆಂಡು ಹಿಡಿದರೆ ಅದು 32 ಮೀಟರ್ ಆಗುತ್ತದೆ. ಆ ಹೆಚ್ಚಿನ 11 ಮೀಟರಿನೊಳಗೆ ಯಾರು ನಿಂತಿದ್ದಾರೆ ಎಂಬುದೇ ಪ್ರಶ್ನೆ. ಪಕ್ಕದಲ್ಲಿ ಕುಳಿತವರು, ಕೆಂಪು ಅಕ್ಷರ, 30 ದಿನಗಳ ಅಭ್ಯಾಸ, ಈ ಮೂರೂ ಇರುವುದು ಆ ಒಂದು ಸೆಕೆಂಡಿನ ಸಲುವಾಗಿ.

ಅರ್ಜಿಯ ನಮೂನೆ 1ರಲ್ಲೂ ವಿಜ್ಞಾನವಿದೆ. ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟನ್ನು ಓದಬಲ್ಲಿರಾ ಎಂದು ಅದು ಕೇಳುತ್ತ ಬಂದಿದೆ. ಕೆಂಪು, ಹಸಿರು ಬಣ್ಣಗಳನ್ನು ಗುರುತಿಸಬಲ್ಲಿರಾ ಎಂಬ ಪ್ರಶ್ನೆಯೂ ಇತ್ತು. ಈ ವರ್ಣಾಂಧತೆಗೆ ಕಾರಣವಾದ ಜೀನ್ ಎಕ್ಸ್ ವರ್ಣತಂತುವಿನ ಮೇಲಿರುವುದರಿಂದ ಗಂಡಸರಲ್ಲಿ ಇದು ಹೆಚ್ಚು. 2020ರ ಜೂನ್‌ನಲ್ಲಿ ನಿಯಮವನ್ನು ಸಡಿಲಿಸಿ, ಅಲ್ಪ ಮತ್ತು ಮಧ್ಯಮ ಪ್ರಮಾಣದ ವರ್ಣಾಂಧತೆ ಇರುವವರಿಗೂ ಪರವಾನಗಿ ಸಿಗುವಂತೆ ಮಾಡಲಾಯಿತು.

ಕಾಗದದ ಅರ್ಹತೆ ಸಡಿಲಗೊಂಡ ಇನ್ನೊಂದು ಉದಾಹರಣೆಯೂ ಇದೆ. ಆಟೊ, ಲಾರಿಯಂಥ ಸಾರಿಗೆ ವಾಹನ ಓಡಿಸಲು 8ನೆಯ ತರಗತಿ ಪಾಸಾಗಿರಬೇಕೆಂಬ ನಿಯಮವಿತ್ತು. ಅದನ್ನು 2019ರಲ್ಲಿ ಕೈಬಿಡಲಾಯಿತು. ಊರು ಬಿಟ್ಟು ದುಡಿಯಲು ಬಂದವರೇ ಹೆಚ್ಚಿರುವ ಪೀಣ್ಯದ ಸುತ್ತಮುತ್ತಲ ಬಡಾವಣೆಗಳಿಗೆ ಇದು ಸಣ್ಣ ವಿಷಯವಲ್ಲ. ಓದಲಾಗದೆ ಶಾಲೆ ಬಿಟ್ಟವನಿಗೆ ಸ್ಟಿಯರಿಂಗ್ ಹಿಡಿಯುವ ಕೆಲಸವೂ ಮುಚ್ಚಿಹೋಗಿತ್ತು.

ಸ್ಕೂಟರಿನಲ್ಲಿ ಪಕ್ಕದ ಸೀಟು ಎಲ್ಲಿ?

ಈಗ ಮತ್ತೆ ಪೀಣ್ಯದ ಆ ಹುಡುಗಿಯನ್ನು ನೆನಪಿಸಿಕೊಳ್ಳಿ. ಮೊದಲ ಷರತ್ತು ಅವಳಿಗೆ ಹೇಗೆ ಅನ್ವಯಿಸುತ್ತದೆ? ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಸ್ಕೂಟರಿನಲ್ಲಿ ಪಕ್ಕದ ಸೀಟೇ ಇಲ್ಲ. ಹಿಂದೆ ಕುಳಿತವರಿಗೆ ಬ್ರೇಕು ಎಟುಕುವುದಿಲ್ಲ. ಕಲಿಯುವಾಗ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಬಾರದು ಎಂದು ನಿಯಮವೇನೋ ಹೇಳುತ್ತದೆ. ಆದರೆ ಹಿಂದೆ ಕುಳಿತ ಗುರು ಗಾಡಿಯನ್ನು ನಿಲ್ಲಿಸುವುದು ಹೇಗೆ?

ಈ ಒಪ್ಪಂದ ಕಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ನಾವು ಕಲಿಯುವುದು ಹೆಚ್ಚಾಗಿ ಎರಡು ಚಕ್ರದ ಮೇಲೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಶೇ. 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿ ಇದ್ದವರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಕಾನೂನು ಬಿಟ್ಟ ಆ ಜಾಗವನ್ನು ಭಾನುವಾರ ಬೆಳಗ್ಗೆ ಹಿಂದೆ ಓಡುವ ಅಪ್ಪಂದಿರು, ಅಣ್ಣಂದಿರು, ಅಕ್ಕಂದಿರು ತುಂಬುತ್ತಿದ್ದಾರೆ. ಹಿಂದೆ ಊರ ಹೊರಗಿನ ಬಯಲಿನಲ್ಲಿ ನಡೆಯುತ್ತಿದ್ದ ಪಾಠ, ಬಯಲೆಲ್ಲ ಸೈಟುಗಳಾದ ಮೇಲೆ ಕಾರ್ಖಾನೆಗಳ ರಜೆಯ ದಿನಕ್ಕೆ ಬಂದು ನಿಂತಿದೆ.

ಷರತ್ತು ಸಡಿಲವಾದಾಗ

ಇತಿಹಾಸದಲ್ಲಿ ಈ ಷರತ್ತುಗಳನ್ನು ಸರ್ಕಾರಗಳೇ ಸಡಿಲಿಸಿದ ಸಂದರ್ಭಗಳಿವೆ. 1956ರಲ್ಲಿ ಸೂಯೆಜ್ ಕಾಲುವೆಯ ಬಿಕ್ಕಟ್ಟಿನಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪಡಿತರ ಬಂದಿತು. ಚಾಲನಾ ಪರೀಕ್ಷಕರನ್ನು ಪಡಿತರದ ಕೆಲಸಕ್ಕೆ ಹಾಕಿ, 1957ರ ಏಪ್ರಿಲ್‌ವರೆಗೆ ಪರೀಕ್ಷೆಗಳನ್ನು ನಿಲ್ಲಿಸಿದರು. ಆ ಅವಧಿಯಲ್ಲಿ ಕಲಿಯುವವರು ಪಕ್ಕದಲ್ಲಿ ಯಾರೂ ಇಲ್ಲದೆಯೂ ಓಡಿಸಬಹುದಾಗಿತ್ತು. ನಮ್ಮಲ್ಲಿ ಕೋವಿಡ್ ಕಾಲದಲ್ಲಿ ಕಚೇರಿಗಳು ಮುಚ್ಚಿದಾಗ, 2020ರ ಫೆಬ್ರವರಿಯಿಂದ ಈಚೆಗೆ ಅವಧಿ ಮುಗಿದ ಪರವಾನಗಿಗಳನ್ನು ಚಾಲ್ತಿಯಲ್ಲಿರುವಂತೆಯೇ ಪರಿಗಣಿಸಬೇಕೆಂದು ಕೇಂದ್ರ ಸರ್ಕಾರ ಸೂಚಿಸಿತು. ಈ ಗಡುವು ಹಲವು ಬಾರಿ ಮುಂದಕ್ಕೆ ಹೋಗಿ 2021ರ ಅಕ್ಟೋಬರ್ ಕೊನೆಯವರೆಗೆ ಬಂದಿತು. ಎರಡು ಕಡೆಯೂ ಸಡಿಲಿಸಲು ಒಂದು ಕಾರಣವಿತ್ತು, ಅದಕ್ಕೊಂದು ಕೊನೆಯ ದಿನವೂ ಇತ್ತು.

ನಾವೇ ನಮಗೆ ಕೊಟ್ಟುಕೊಳ್ಳುವ ಸಡಿಲಿಕೆಗೆ ಇವೆರಡೂ ಇರುವುದಿಲ್ಲ. ನನ್ನದೇ ಉದಾಹರಣೆ ಹೇಳುತ್ತೇನೆ. ಬಿ.ಎಸ್ಸಿ. ಓದುವಾಗ ನಾನು ಎಲ್.ಎಲ್.ಆರ್. ಮಾಡಿಸಿದ್ದೆ. ಪರೀಕ್ಷೆಗೆ ಹೋಗಲು ಇಂದು, ನಾಳೆ ಎನ್ನುತ್ತ ಆರು ತಿಂಗಳು ಕಳೆದದ್ದೇ ತಿಳಿಯಲಿಲ್ಲ. ಒಂದು ಮಧ್ಯಾಹ್ನ ಗೆಳೆಯನ ಸ್ಕೂಟರಿನಲ್ಲಿ ಒಬ್ಬನೇ ಹೊರಟವನು, ಎರಡನೆಯ ಪಾಳಿಗೆ ಹೋಗುತ್ತಿದ್ದ ಕಾರ್ಮಿಕರೊಬ್ಬರ ಸೈಕಲ್ಲಿಗೆ ತಾಗಿಸಿದೆ. ಅವರು ಬಿದ್ದರು. ಊಟದ ಡಬ್ಬಿ ತೆರೆದುಕೊಂಡು ಮುದ್ದೆ ಮಣ್ಣಿನ ಪಾಲಾಯಿತು. ಮೊಣಕೈ ತರಚಿದ್ದು ಬಿಟ್ಟರೆ ಅವರಿಗೆ ಏನೂ ಆಗಲಿಲ್ಲ. "ನೋಡ್ಕೊಂಡ್ ಹೋಗಪ್ಪಾ" ಎಂದಷ್ಟೇ ಹೇಳಿ, ಖಾಲಿ ಡಬ್ಬಿ ಸಿಕ್ಕಿಸಿಕೊಂಡು ಹೊರಟರು.

ಅಂದು ಅವರ ಕಾಲು ಮುರಿದಿದ್ದರೆ? ನಮ್ಮ ದೇಶದಲ್ಲಿ ಮೂರನೆಯವರ ಹಾನಿಗೆ ವಿಮೆ ಕಡ್ಡಾಯವಾದದ್ದು 1946ರಲ್ಲಿ. ಅವಧಿ ಮುಗಿದ ಎಲ್.ಎಲ್.ಆರ್. ಇಟ್ಟುಕೊಂಡಿದ್ದ ನಾನು ಆ ರಕ್ಷಣೆಯ ಗೆರೆಯಿಂದ ಹೊರಗಿದ್ದೆ. ಪರವಾನಗಿ ಇಲ್ಲದವನು ಮಾಡಿದ ಅಪಘಾತದಲ್ಲಿ ಗಾಯಾಳುವಿಗೆ ಪರಿಹಾರ ಕೊಟ್ಟ ವಿಮಾ ಕಂಪನಿ, ಆ ಹಣವನ್ನು ವಾಹನದ ಮಾಲೀಕನಿಂದ ವಸೂಲಿ ಮಾಡಲು ಅವಕಾಶವಿದೆ. ನನ್ನ ಸೋಮಾರಿತನದ ಸಾಲ ಗೆಳೆಯನ ಅಪ್ಪನ ಹೆಗಲಿಗೆ ಬೀಳುತ್ತಿತ್ತು. ಕಲಿಕಾ ಪರವಾನಗಿಯ ಮೇಲಿರುವ ಕೊನೆಯ ದಿನಾಂಕ ಬರೀ ಕಚೇರಿಯ ಲೆಕ್ಕ ಎಂದುಕೊಂಡಿದ್ದ ನನಗೆ ಅಂದು ಅದರ ಅರ್ಥವಾಯಿತು.

ನಿಮ್ಮ ವಯಸ್ಸಿನ ಮಾತು

ಕಾನೂನಿನ ಪ್ರಕಾರ ಸಾಮಾನ್ಯವಾಗಿ 18 ವರ್ಷ ತುಂಬಬೇಕು. 16 ತುಂಬಿದವರು ತಂದೆತಾಯಿ ಅಥವಾ ಪೋಷಕರ ಲಿಖಿತ ಒಪ್ಪಿಗೆಯೊಡನೆ ಗೇರಿಲ್ಲದ ಚಿಕ್ಕ ವಾಹನ ಓಡಿಸಲು ಅವಕಾಶವಿದೆ. 1994ರ ತಿದ್ದುಪಡಿ ಇದಕ್ಕೆ 50 ಸಿ.ಸಿ. ಎಂಬ ಮಿತಿ ಹಾಕಿತು. ಲೂನಾದಂಥ ಗಾಡಿಗಳು ಓಡಾಡುತ್ತಿದ್ದ ಕಾಲದ ಮಾತದು. ಇಂದು ಮನೆಗಳಲ್ಲಿ ನಿಂತಿರುವ ಸ್ಕೂಟರುಗಳು ಸಾಮಾನ್ಯವಾಗಿ 110, 125 ಸಿ.ಸಿ.ಯವು. "ಗೇರಿಲ್ಲವಲ್ಲ, 16 ಸಾಕು" ಎಂದು ಯಾರಾದರೂ ಹೇಳಿದರೆ ನಂಬಬೇಡಿ.

2019ರ ತಿದ್ದುಪಡಿ ಇನ್ನೂ ಕಠಿಣವಾಗಿದೆ. ಅಪ್ರಾಪ್ತ ವಯಸ್ಕರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂ. ದಂಡ. ವಾಹನದ ನೋಂದಣಿ ಒಂದು ವರ್ಷ ರದ್ದು. ಓಡಿಸಿದವರಿಗೆ 25 ವರ್ಷ ತುಂಬುವವರೆಗೆ ಕಲಿಕಾ ಪರವಾನಗಿಯೂ ಸಿಗುವುದಿಲ್ಲ. ಟ್ಯೂಷನ್ನಿಗೆ ಹೊತ್ತಾಯಿತೆಂದು ಅಪ್ಪನ ಗಾಡಿ ತೆಗೆದ ಹತ್ತು ನಿಮಿಷ, ಕೆಲಸಕ್ಕೆ ಸೇರುವ ವಯಸ್ಸಿನಲ್ಲಿ ನಿಮ್ಮನ್ನು ಬಸ್ಸಿಗಾಗಿ ಕಾಯಿಸಬಹುದು.

18 ತುಂಬಿದ ಮೇಲೆ ದಾರಿ ಸುಲಭ. 2021ರ ಮಾರ್ಚ್‌ನಿಂದ ಆಧಾರ್ ದೃಢೀಕರಣದ ಮೂಲಕ ಕಚೇರಿಗೆ ಹೋಗದೆಯೇ ಕಲಿಕಾ ಪರವಾನಗಿ ಪಡೆಯುವ ವ್ಯವಸ್ಥೆಯನ್ನು ಕೇಂದ್ರ ತೆರೆದಿದೆ. ಬ್ರೋಕರ್ ಹಿಂದೆ ಅಲೆಯಬೇಕಿಲ್ಲ. ಪ್ರಾಥಮಿಕ ಪರೀಕ್ಷೆಯಲ್ಲಿ ಸಂಚಾರ ಚಿಹ್ನೆಗಳು, ಇಟ್ಟುಕೊಳ್ಳಬೇಕಾದ ದಾಖಲೆಗಳು, ಕಾವಲಿಲ್ಲದ ರೈಲ್ವೆ ಗೇಟು ದಾಟುವ ಎಚ್ಚರ, ಇವುಗಳ ಜೊತೆಗೆ ಅಪಘಾತವಾದಾಗ ಚಾಲಕನ ಕರ್ತವ್ಯವೇನು ಎಂಬುದೂ ಇರುತ್ತದೆ. ಈ ಕೊನೆಯದನ್ನು ಬಾಯಿಪಾಠ ಮಾಡಬೇಡಿ, ಅರ್ಥ ಮಾಡಿಕೊಳ್ಳಿ. ಪರವಾನಗಿ ಬಂದ ದಿನವೇ ಎರಡು ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. 30 ದಿನ ತುಂಬುವ ದಿನ ಒಂದು, ಆರು ತಿಂಗಳು ಮುಗಿಯುವ ದಿನ ಇನ್ನೊಂದು. ಆ ಎರಡರ ನಡುವೆ ಕಲಿತು ಮುಗಿಸಿ.

ನಮ್ಮ ಕ್ಯಾಮೆರಾಮನ್ ಪ್ರಶ್ನೆಗೆ ಉತ್ತರ ಇಷ್ಟೇ. ಓಡಿಸಲು ಬಾರದವರನ್ನು ರಸ್ತೆಗೆ ಬಿಡದಿದ್ದರೆ ಓಡಿಸಬಲ್ಲವರು ಹುಟ್ಟುವುದಿಲ್ಲ. ಆದ್ದರಿಂದ ಆ ಸೈಕಲ್ ಸವಾರರಂಥ ಲಕ್ಷಾಂತರ ಜನ, ತಮಗೆ ಗೊತ್ತಿಲ್ಲದೆಯೇ, ತಮ್ಮ ಕೈಕಾಲುಗಳನ್ನು ಒತ್ತೆಯಿಟ್ಟು ನಮಗೆ ಆರು ತಿಂಗಳ ಸಾಲ ಕೊಟ್ಟಿದ್ದಾರೆ. ಕೆಂಪು 'ಎಲ್' ಆ ಸಾಲದ ಪತ್ರ. ಮುಂದಿನ ಬಾರಿ ರಸ್ತೆಯಲ್ಲಿ ಅದು ಕಂಡಾಗ ಹಾರ್ನ್ ಒತ್ತಬೇಡಿ, ಸ್ವಲ್ಪ ಜಾಗ ಬಿಡಿ. ನಿಮ್ಮ ಸರದಿ ಬಂದಾಗ ಅದನ್ನು ನಾಚಿಕೆಯಿಲ್ಲದೆ ಅಂಟಿಸಿಕೊಳ್ಳಿ.

ತರಗತಿಯಲ್ಲಿ ಚರ್ಚಿಸಿ

1. ಗಂಟೆಗೆ 60 ಕಿ.ಮೀ. ವೇಗದಲ್ಲಿ, ಒಂದು ಸೆಕೆಂಡು ಮತ್ತು ಎರಡು ಸೆಕೆಂಡು ತಡವಾದಾಗ ಗಾಡಿ ನಿಲ್ಲಲು ಬೇಕಾದ ದೂರವನ್ನು ಲೆಕ್ಕ ಹಾಕಿ.

2. ದ್ವಿಚಕ್ರ ವಾಹನ ಕಲಿಯುವವರಿಗಾಗಿ ನೀವೇ ಒಂದು ನಿಯಮ ಬರೆಯುವುದಾದರೆ ಏನೆಂದು ಬರೆಯುತ್ತೀರಿ?

3. ನಿಮ್ಮ ಮನೆಯ ಹಿರಿಯರು ಎಲ್ಲಿ, ಯಾರಿಂದ, ಯಾವ ಗಾಡಿಯಲ್ಲಿ ಕಲಿತರು ಎಂದು ಕೇಳಿ ಬರೆದುಕೊಳ್ಳಿ. ನಿಮ್ಮ ಬಡಾವಣೆಯ ಇತಿಹಾಸವೂ ಅದರಲ್ಲಿ ಸಿಗುತ್ತದೆ.